2147483647: ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯ ಗುಣಗಳನ್ನು ಹಂತ ಹಂತವಾಗಿ ಕಂಡುಕೊಳ್ಳುವುದು ಹೇಗೆ?

ದೊಡ್ಡ ಸಂಖ್ಯೆಯೊಂದು ಅವಿಭಾಜ್ಯ ಅಂತ ಗೊತ್ತಾದ ಕೂಡಲೇ ಹೆಚ್ಚಿನವರು ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಒಡೆಯದ ಸಂಖ್ಯೆಯಲ್ಲಿ ನೋಡುವುದಕ್ಕೆ ಇನ್ನೇನಿದೆ ಅನ್ನುವ ಭಾವನೆ. ಬೇಕಾದಷ್ಟಿದೆ. ಈ ಬರಹದಲ್ಲಿ 2147483647 ಎಂಬ ಒಂದೇ ಸಂಖ್ಯೆಯನ್ನು ಹಿಡಿದು, ಅದು ಅವಿಭಾಜ್ಯ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ, ಆಮೇಲೆ ಅದರ ಗುಣಗಳನ್ನು ಹುಡುಕುವುದು ಹೇಗೆ ಅಂತ ನೋಡೋಣ. ಬಹುಪಾಲು ಕಡೆ ಹಾಳೆ, ಪೆನ್ನು, ಒಂದು ಕ್ಯಾಲ್ಕುಲೇಟರ್ ಇದ್ದರೆ ಸಾಕು, ಒಂದೆರಡು ಕಡೆ ಮಾತ್ರ ಕಂಪ್ಯೂಟರ್ ಬೇಕಾಗುತ್ತದೆ. ಭಾಗಾಕಾರ, ಶೇಷ, ಘಾತ ಇಷ್ಟು ಗೊತ್ತಿರಬೇಕು. ಒಂದೆರಡು ಕಡೆ ಮಾತ್ರ ಹಳೆಯ ಪ್ರಮೇಯಗಳನ್ನು ಸಾಧನೆಯಿಲ್ಲದೆ ಒಪ್ಪಿಕೊಂಡು ಮುಂದೆ ಹೋಗುತ್ತೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಂಖ್ಯೆಯನ್ನೇ ದಿಟ್ಟಿಸಿಕೊಂಡು ಕೂತರೆ ಏನೂ ಸಿಗುವುದಿಲ್ಲ. ಅದಕ್ಕಿಂತ ಒಂದು ಜಾಸ್ತಿ ಇರುವುದನ್ನು, ಒಂದು ಕಡಿಮೆ ಇರುವುದನ್ನು ಒಡೆದು ನೋಡಬೇಕು. ಮುಂದಿನ ಹಂತಗಳಲ್ಲಿ ಬಹುಪಾಲು ಮಾಹಿತಿ ಬರುವುದು ಈ ಎರಡು ನೆರೆಯ ಸಂಖ್ಯೆಗಳಿಂದಲೇ.

ಹಂತ 1: ಸಂಖ್ಯೆಯ ರೂಪ ಗುರುತಿಸಿ

2147483647ಕ್ಕೆ 1 ಕೂಡಿಸಿ. 2147483648 ಬಂತು. ಇದನ್ನು ಎರಡರಿಂದ ಭಾಗಿಸುತ್ತಾ ಹೋಗಿ. ಎಲ್ಲೂ ಶೇಷ ಬರುವುದಿಲ್ಲ, 31 ಸಲ ಭಾಗಿಸಿದ ಮೇಲೆ 1 ಉಳಿಯುತ್ತದೆ. ಅಂದರೆ ನಮ್ಮ ಸಂಖ್ಯೆ 2³¹ − 1. ಬೈನರಿಯಲ್ಲಿ ಬರೆದರೆ 31 ಒಂದುಗಳ ಸಾಲು, ಅಷ್ಟೇ.

ಹೀಗೆ ಎರಡರ ಘಾತದಿಂದ ಒಂದು ಕಳೆದು ಬರುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳು ಅಂತ ಹೆಸರು. ಫ್ರಾನ್ಸಿನ ಪಾದ್ರಿ ಮರೀನ್ ಮರ್ಸೆನ್ 1644ರಲ್ಲಿ ಇಂಥವುಗಳ ಪಟ್ಟಿಯೊಂದನ್ನು ಕೊಟ್ಟಿದ್ದರು. 31 ಅದರಲ್ಲಿತ್ತು. 67 ಕೂಡ ಇತ್ತು, ಅದು ತಪ್ಪು. 2⁶⁷ − 1 = 193707721 × 761838257287 ಅಂತ ಫ್ರಾಂಕ್ ನೆಲ್ಸನ್ ಕೋಲ್ 1903ರಲ್ಲಿ ತೋರಿಸಿದರು. ಹಾಗಾಗಿ ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ನಂಬುವಂತಿಲ್ಲ.

ಘಾತಸೂಚಿಯನ್ನೂ ಒಮ್ಮೆ ನೋಡಿ. ಅದು ಅವಿಭಾಜ್ಯವಲ್ಲದಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಉದಾಹರಣೆಗೆ 2¹⁵ − 1 ತಗೊಳ್ಳಿ. 15 = 3 × 5, ಆದ್ದರಿಂದ 2³ − 1 ಅಂದರೆ 7, 2⁵ − 1 ಅಂದರೆ 31, ಎರಡೂ ಅದನ್ನು ಭಾಗಿಸುತ್ತವೆ. ಇಲ್ಲಿ 31 ಅವಿಭಾಜ್ಯ, ಸರಿ. ಆದರೆ ಇಷ್ಟೇ ಸಾಕಾಗುವುದಿಲ್ಲ. 11 ಅವಿಭಾಜ್ಯವೇ, ಆದರೂ 2¹¹ − 1 = 2047 = 23 × 89. ಈ 2047 ನಮಗೆ ಮುಂದೆಯೂ ಬೇಕಾಗುತ್ತದೆ.

ಹಂತ 2: ಭಾಜಕ ಹುಡುಕಿ, ಆದರೆ ಎಲ್ಲಾ ಕಡೆ ಹುಡುಕಬೇಡಿ

2147483647ರ ವರ್ಗಮೂಲ 46340ಕ್ಕಿಂತ ಸ್ವಲ್ಪ ಹೆಚ್ಚು. ಭಾಜಕ ಇದ್ದರೆ ಒಂದಾದರೂ ಅಷ್ಟರೊಳಗೆ ಇರಲೇಬೇಕು. 46340ರವರೆಗೆ ಸುಮಾರು 4,800 ಅವಿಭಾಜ್ಯಗಳಿವೆ. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ. ಕೈಯಲ್ಲಿ ಮಾಡಲು ಕೂತರೆ ಬೇಡ ಅನಿಸಿಬಿಡುತ್ತದೆ.

1772ರಲ್ಲಿ ಲಿಯೊನಾರ್ಡ್ ಆಯ್ಲರ್ ಇದನ್ನು ಕೈಲೆಕ್ಕದಲ್ಲೇ ಮುಗಿಸಿದರು. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ದಾರಿ ಹೀಗಿದೆ.

ಒಂದು ಅವಿಭಾಜ್ಯ ಭಾಜಕ ಇದೆ ಅಂತಲೇ ಇಟ್ಟುಕೊಳ್ಳಿ. ಅದನ್ನು "ಭ" ಅನ್ನೋಣ. ಭ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಅಂದರೆ 2³¹ ಅನ್ನು ಭ ಇಂದ ಭಾಗಿಸಿದಾಗ ಶೇಷ 1 ಬರಬೇಕು. ಎರಡರ ಘಾತಗಳ ಶೇಷಗಳು ಒಂದು ಚಕ್ರದಲ್ಲಿ ತಿರುಗುತ್ತವೆ. ಆ ಚಕ್ರದ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯವಾದ್ದರಿಂದ ಉದ್ದ 31 ಆಗಿರಲೇಬೇಕು, ಬೇರೆ ದಾರಿಯಿಲ್ಲ. ಇನ್ನೊಂದು ಕಡೆ, ಫರ್ಮಾ ಪ್ರಮೇಯದ ಪ್ರಕಾರ 2ರ (ಭ − 1)ನೇ ಘಾತಕ್ಕೂ ಶೇಷ 1. ಆದ್ದರಿಂದ 31 ಎಂಬುದು ಭ − 1ನ್ನು ಭಾಗಿಸುತ್ತದೆ. ಭ ಬೆಸ, ಅಂದರೆ ಭ − 1 ಸಮ. ಎರಡನ್ನೂ ಸೇರಿಸಿದರೆ ಭ − 1 ಎಂಬುದು 62ರ ಗುಣಕ.

2047ರಲ್ಲಿ ಪರೀಕ್ಷಿಸಿ ನೋಡಿ: ಅಲ್ಲಿ ಘಾತಸೂಚಿ 11, ಭಾಜಕಗಳು 22ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು. 23 = 22 + 1, 89 = 88 + 1. ಸರಿಹೋಯಿತು ಅಲ್ವಾ?

ಇನ್ನೊಂದು ಜರಡಿ ಇದೆ. 2³¹ರ ಶೇಷ 1 ಆದರೆ 2³²ರ ಶೇಷ 2. 2³² ಅಂದರೆ 2¹⁶ರ ವರ್ಗ. ಅಂದರೆ ಭ ಇಂದ ಭಾಗಿಸಿ ಶೇಷ ನೋಡುವ ಲೆಕ್ಕದಲ್ಲಿ 2 ಒಂದು ವರ್ಗಸಂಖ್ಯೆ. ಹೀಗಾಗುವುದು ಭ ಅನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದರೆ ಮಾತ್ರ. ಈ ಪ್ರಮೇಯವನ್ನು ಹಾಗೇ ಒಪ್ಪಿಕೊಳ್ಳೋಣ.

ಈಗ ಎರಡೂ ಜರಡಿಗಳನ್ನು ಒಟ್ಟಿಗೆ ಹಿಡಿಯಿರಿ. 62ರ ಮೆಟ್ಟಿಲಲ್ಲಿ ಬರುವವು 1, 63, 125, 187. ಆಮೇಲೆ 248 ಕೂಡಿಸಿಕೊಂಡು ಇದೇ ಸರದಿ. 8ರಿಂದ ಭಾಗಿಸಿದಾಗ ಇವುಗಳ ಶೇಷ ಕ್ರಮವಾಗಿ 1, 7, 5, 3. ಕೊನೆಯ ಎರಡು ಬಿದ್ದುಹೋದವು. ಹಾಗಾಗಿ ಭಾಜಕ ಇದ್ದರೆ ಅದು 248ರ ಗುಣಕಕ್ಕೆ 1 ಅಥವಾ 63 ಕೂಡಿಸಿದಂತೆ ಇರಬೇಕು. 63 ಸ್ವತಃ ಅವಿಭಾಜ್ಯವಲ್ಲ, ಬಿಡಿ. 46340ರವರೆಗೆ ಇಂಥ ಸಂಖ್ಯೆಗಳು ಒಟ್ಟು 372. ಅವುಗಳಲ್ಲೂ ಅವಿಭಾಜ್ಯವಾದವು ನೂರಕ್ಕಿಂತ ಕಡಿಮೆ. ಮೊದಲ ಹತ್ತನ್ನೇ ನೋಡಿ: 249, 311, 497, 559, 745, 807, 993, 1055, 1241, 1303. ಇದರಲ್ಲಿ ಅವಿಭಾಜ್ಯ ಎರಡೇ, 311 ಮತ್ತು 1303.

311ನ್ನು ಪರೀಕ್ಷಿಸೋಣ. ದೊಡ್ಡ ಭಾಗಾಕಾರ ಬೇಕಿಲ್ಲ, ಶೇಷಗಳನ್ನೇ ವರ್ಗ ಮಾಡುತ್ತಾ ಹೋದರೆ ಆಯಿತು.

2⁸ = 256. ಇದು 311 − 55, ಆದ್ದರಿಂದ −55 ಅಂತ ಇಟ್ಟುಕೊಳ್ಳಿ.
2¹⁶: 55 × 55 = 3025. 311ರಿಂದ ಭಾಗಿಸಿದರೆ ಶೇಷ 226.
2³²: 226 × 226 = 51076. ಶೇಷ 72.
2³¹ ಅದರ ಅರ್ಧ: 36.

ಒಂದು ಕಳೆದರೆ 35. ಸೊನ್ನೆ ಬರಲಿಲ್ಲ, 311 ಭಾಜಕವಲ್ಲ. ನೇರ ಭಾಗಾಕಾರ ಮಾಡಿದರೂ ಇದೇ ಶೇಷ ಬರುತ್ತದೆ. 1303ಕ್ಕೆ ಶೇಷ 226. ಹೀಗೇ ಕೊನೆಯವರೆಗೂ ಹೋದರೆ ಯಾವುದರಲ್ಲೂ ಸೊನ್ನೆ ಬರುವುದಿಲ್ಲ. 2147483647 ಅವಿಭಾಜ್ಯ.

ಪೀಟರ್ ಬಾರ್ಲೋ ಎಂಬ ಗಣಿತಜ್ಞರು 1811ರಲ್ಲಿ, ಈ ಸಂಖ್ಯೆಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ, ಹಂತ 6ರಲ್ಲಿ ಬರುತ್ತದೆ) ದೊಡ್ಡದನ್ನು ಮುಂದೆ ಯಾರೂ ಕಂಡುಹಿಡಿಯಲಾರರು ಅಂತ ಬರೆದಿದ್ದರು. ಭಾಜಕ ಹುಡುಕುವುದೊಂದೇ ದಾರಿ ಆಗಿದ್ದರೆ ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುತ್ತಿರಲಿಲ್ಲ.

ಹಂತ 3: ಭಾಜಕ ಹುಡುಕದೆ ಸಾಧಿಸಿ

ಇಲ್ಲಿ ಮೊದಲು ಒಂದು ಎಚ್ಚರಿಕೆ. ಅವಿಭಾಜ್ಯ ಪರೀಕ್ಷೆ ಅಂದ ಕೂಡಲೇ ಹಲವರು 2ನ್ನು ಹಿಡಿದು ಫರ್ಮಾ ಪರೀಕ್ಷೆ ಮಾಡುತ್ತಾರೆ. ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಶೇಷ 1 ಬಂದರೆ ಬಹುಶಃ ಅವಿಭಾಜ್ಯ ಅನ್ನುತ್ತಾರೆ. ಘಾತಸೂಚಿ ಅವಿಭಾಜ್ಯವಾಗಿರುವ ಮರ್ಸೆನ್ ಸಂಖ್ಯೆಗಳಲ್ಲಿ ಈ ಪರೀಕ್ಷೆ ಪೂರ್ತಿ ದಂಡ. 2047ನ್ನೇ ನೋಡಿ. 2¹¹ = 2048, ಶೇಷ 1. 2046 = 11 × 186. ಹಾಗಾಗಿ 2²⁰⁴⁶ಕ್ಕೂ ಶೇಷ 1. 23 × 89 ಅಂತ ಒಡೆಯುವ ಸಂಖ್ಯೆ ಸಲೀಸಾಗಿ ಪಾಸಾಯಿತು. ಘಾತಸೂಚಿ ಯಾವ ಅವಿಭಾಜ್ಯವಾದರೂ ಕಥೆ ಇದೇ. 3ನ್ನು ಹಿಡಿದು ಮಾಡಿದರೆ ಸ್ವಲ್ಪ ಅರ್ಥವಿದೆ, ಆದರೂ ಅದು ಪೂರ್ತಿ ಸಾಧನೆಯಲ್ಲ.

ಪೂರ್ತಿ ಸಾಧನೆ ಬೇಕಿದ್ದರೆ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ. ವಿಧಾನ ಇಷ್ಟೇ: 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಸೂಚಿಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಮಧ್ಯದ ಉತ್ತರವೇ ಇಲ್ಲ.

2⁷ − 1 = 127ರಲ್ಲಿ ಐದು ಸುತ್ತು ಮಾಡಿ ನೋಡೋಣ.

4 → 14
14 → 194, ಶೇಷ 67
67 → 4487, ಶೇಷ 42
42 → 1762, ಶೇಷ 111
111 → 12319, ಶೇಷ 0

ಸೊನ್ನೆ ಬಂತು, 127 ಅವಿಭಾಜ್ಯ.

ಶೇಷ ತೆಗೆಯಲು ಭಾಗಾಕಾರವೇ ಬೇಡ. 127ಕ್ಕಿಂತ ಒಂದು ಹೆಚ್ಚು ಅಂದರೆ 128. 4487 = 35 × 128 + 7. ಆ 128 ಇರುವ ಕಡೆ 1 ಅಂತ ತಗೊಂಡರೆ 35 + 7 = 42. ಮುಗಿಯಿತು. ಬೈನರಿಯಲ್ಲಿ ಇದು ಇನ್ನೂ ಸುಲಭ: ಬಲಗಡೆಯ ಏಳು ಅಂಕಿಗಳನ್ನು ಕತ್ತರಿಸಿ, ಉಳಿದದ್ದಕ್ಕೆ ಕೂಡಿಸಿದರೆ ಸಾಕು. ದೊಡ್ಡ ಅವಿಭಾಜ್ಯಗಳ ದಾಖಲೆ ಪಟ್ಟಿಯಲ್ಲಿ ಮರ್ಸೆನ್ ಸಂಖ್ಯೆಗಳೇ ತುಂಬಿರುವುದಕ್ಕೆ ಈ ಸಲೀಸು ಒಂದು ಕಾರಣ, ಇಷ್ಟು ಚುರುಕಾದ ಪರೀಕ್ಷೆ ಇರುವುದು ಇನ್ನೊಂದು ಕಾರಣ. ಅವು ಜಾಸ್ತಿ ಇವೆ ಅಂತಲ್ಲ.

2047ಕ್ಕೆ ಒಂಬತ್ತು ಸುತ್ತು ಮಾಡಿದರೆ 4, 14, 194, 788, 701, 119, 1877, 240, 282, 1736. ಕೊನೆಯದು ಸೊನ್ನೆಯಲ್ಲ, ಆದ್ದರಿಂದ ಅವಿಭಾಜ್ಯವಲ್ಲ. ಒಂದು ವಿಚಿತ್ರ ಗಮನಿಸಿ: ಒಡೆಯುತ್ತದೆ ಅಂತ ಗೊತ್ತಾಯಿತು, 23 ಮತ್ತು 89 ಮಾತ್ರ ಎಲ್ಲೂ ಕಾಣಿಸಲಿಲ್ಲ.

ನಮ್ಮ ಸಂಖ್ಯೆಗೆ 29 ಸುತ್ತು ಬೇಕು. ಮಧ್ಯದಲ್ಲಿ 19 ಅಂಕಿಯವರೆಗಿನ ಗುಣಲಬ್ಧ ಬರುವುದರಿಂದ ಸಾಮಾನ್ಯ ಕ್ಯಾಲ್ಕುಲೇಟರ್ ಕೊನೆಯ ಅಂಕಿಗಳನ್ನು ನುಂಗಿಬಿಡುತ್ತದೆ, ಆಗ ಉತ್ತರ ತಪ್ಪುತ್ತದೆ. ಪೈಥಾನ್‌ನಂಥ, ದೊಡ್ಡ ಪೂರ್ಣಾಂಕಗಳನ್ನು ಹಾಗೇ ಇಟ್ಟುಕೊಳ್ಳುವ ಭಾಷೆಯಲ್ಲಿ ಮಾಡಿ.

ಹಂತ 4: ಒಂದು ಕಡಿಮೆ ಇರುವುದನ್ನು ಒಡೆಯಿರಿ

ಇದುವರೆಗೆ ಉಪಯೋಗಕ್ಕೆ ಬಂದದ್ದು ಮೇಲಿನ ನೆರೆಯ ಸಂಖ್ಯೆ, 2³¹. ಈಗ ಕೆಳಗಿನದು: 2147483646. ಇದು 2 × (2³⁰ − 1). ವರ್ಗಗಳ ವ್ಯತ್ಯಾಸದ ಸೂತ್ರ ಹಾಕಿ:

2³⁰ − 1 = 32767 × 32769
32767 = 7 × 31 × 151
32769 = 3² × 11 × 331

ಒಟ್ಟಿನಲ್ಲಿ 2147483646 = 2 × 3² × 7 × 11 × 31 × 151 × 331. ಎಲ್ಲವೂ ಚಿಕ್ಕ ಚಿಕ್ಕ ಅಪವರ್ತನಗಳೇ.

ಇದರಿಂದ ಏನು ಲಾಭ? ನಮ್ಮ ಸಂಖ್ಯೆಯ ಶೇಷಲೆಕ್ಕದಲ್ಲಿ, ಅಂದರೆ ಅದರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳುವ ಲೆಕ್ಕದಲ್ಲಿ, ಯಾವುದೇ ಸಂಖ್ಯೆಯ ಘಾತಗಳ ಚಕ್ರದ ಉದ್ದ 2147483646ರ ಭಾಜಕವೇ ಆಗಿರಬೇಕು. 2ರ ಚಕ್ರ ಬರೀ 31 ಉದ್ದ. 7ರ ಚಕ್ರವೋ, ಪೂರ್ತಿ 2147483646. ಅಂದರೆ 7ನ್ನು ಗುಣಿಸುತ್ತಾ ಹೋದರೆ 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯೂ ಒಂದೇ ಒಂದು ಸಲ ಬಂದು ಆಮೇಲೆ ಮೊದಲಿಗೆ ಮರಳುತ್ತದೆ. ಇಂಥದ್ದಕ್ಕೆ ಮೂಲಜನಕ ಅನ್ನೋಣ. ನಿಜವಾ ಅಂತ ಪರೀಕ್ಷಿಸಲು ಇನ್ನೂರು ಕೋಟಿ ಸಲ ಗುಣಿಸಬೇಕಿಲ್ಲ. 2147483646ನ್ನು 2, 3, 7, 11, 31, 151, 331ರಿಂದ ಬೇರೆಬೇರೆಯಾಗಿ ಭಾಗಿಸಿ, ಬಂದ ಏಳು ಘಾತಗಳಿಗೆ 7ನ್ನು ಏರಿಸಿ. ಒಂದರಲ್ಲೂ ಶೇಷ 1 ಬರದೆ, ಪೂರ್ತಿ ಘಾತಕ್ಕೆ ಮಾತ್ರ 1 ಬಂದರೆ 7 ಮೂಲಜನಕ. ಪೈಥಾನ್‌ನ ಪೌ ಫಂಕ್ಷನ್ನಿಗೆ ಮೂರು ಸಂಖ್ಯೆ ಕೊಟ್ಟರೆ ಪ್ರತಿಯೊಂದೂ ತಕ್ಷಣ ಬರುತ್ತದೆ. ಇನ್ನೊಂದು ವಿಷಯ: ಇಷ್ಟು ಪರೀಕ್ಷೆ ಪಾಸಾದರೆ ಸಂಖ್ಯೆ ಅವಿಭಾಜ್ಯ ಎಂಬುದೂ ಅದರಲ್ಲೇ ಸಾಧಿತವಾಗುತ್ತದೆ, ಇದು ಹಂತ 2 ಮತ್ತು 3ಕ್ಕೆ ಸಂಬಂಧವೇ ಇಲ್ಲದ ಮೂರನೇ ಸಾಧನೆ.

ಈ ಗುಣವನ್ನು ಜನ ಚೆನ್ನಾಗಿ ಬಳಸಿಕೊಂಡಿದ್ದಾರೆ. 7⁵ = 16807. ಘಾತ 5ಕ್ಕೂ 2147483646ಕ್ಕೂ ಸಾಮಾನ್ಯ ಅಪವರ್ತನ ಇಲ್ಲ, ಹಾಗಾಗಿ 16807 ಕೂಡ ಮೂಲಜನಕ. 1ರಿಂದ ಶುರು ಮಾಡಿ 16807ರಿಂದ ಗುಣಿಸಿ ಶೇಷ ತೆಗೆಯುತ್ತಾ ಹೋದರೆ 16807, 282475249, 1622650073 ಅಂತ ಎಲ್ಲೆಲ್ಲೋ ಹಾರುವ ಸಂಖ್ಯೆಗಳು ಬರುತ್ತವೆ. 1969ರಲ್ಲಿ ಲೂಯಿಸ್, ಗುಡ್‌ಮನ್, ಮಿಲ್ಲರ್ ಇದನ್ನು ಯಾದೃಚ್ಛಿಕ ಸಂಖ್ಯೆಗಳಿಗೆ ಬಳಸಿದರು, 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಅದನ್ನು ಕನಿಷ್ಠ ಮಾನದಂಡ ಅಂತ ಮುಂದಿಟ್ಟರು. ಆಟಕ್ಕೆ, ಸಣ್ಣ ಪ್ರಯೋಗಕ್ಕೆ ಪರವಾಗಿಲ್ಲ. ಪಾಸ್‌ವರ್ಡ್, ಗುಪ್ತಲಿಪಿ ಕೆಲಸಕ್ಕೆ ಖಂಡಿತ ಬೇಡ. ಒಂದು ಸಂಖ್ಯೆ ಗೊತ್ತಾದರೆ ಮುಂದಿನದೆಲ್ಲಾ ಗೊತ್ತಾದಂತೆಯೇ.

ಹಂತ 5: ವರ್ಗಗಳ ಲೆಕ್ಕ

2147483647ನ್ನು 4ರಿಂದ ಭಾಗಿಸಿದರೆ ಶೇಷ 3, 8ರಿಂದ ಭಾಗಿಸಿದರೆ 7. ಬೈನರಿಯಲ್ಲಿ ಕೊನೆಯ ಮೂರು ಅಂಕಿ 111 ಇರುವುದರಿಂದ ಲೆಕ್ಕವೇ ಬೇಕಿಲ್ಲ. ಈ ಎರಡು ಶೇಷಗಳಿಂದ ಹಲವು ವಿಷಯ ಬರುತ್ತವೆ.

ಶೇಷ 3 ಇರುವುದರಿಂದ ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಿಲ್ಲ. 8ರಲ್ಲಿ ಶೇಷ 7 ಇರುವುದರಿಂದ ಮೂರು ವರ್ಗಗಳೂ ಸಾಲುವುದಿಲ್ಲ, ನಾಲ್ಕು ಬೇಕೇ ಬೇಕು. ಇದರ ಶೇಷಲೆಕ್ಕದಲ್ಲಿ −1ಕ್ಕೆ ವರ್ಗಮೂಲ ಇಲ್ಲ. 2ಕ್ಕೆ ಇದೆ, ಅದು 65536. ಪರೀಕ್ಷಿಸಿ: 65536 × 65536 = 4294967296, ಇದರಿಂದ ನಮ್ಮ ಸಂಖ್ಯೆಯ ಎರಡರಷ್ಟು, ಅಂದರೆ 4294967294 ಕಳೆದರೆ 2.

ಉಳಿದ ಸಂಖ್ಯೆಗಳ ವರ್ಗಮೂಲ ತೆಗೆಯುವುದೂ ಇಲ್ಲಿ ಬಹಳ ಸುಲಭ. 4ರಲ್ಲಿ ಶೇಷ 3 ಬರುವ ಅವಿಭಾಜ್ಯಕ್ಕೆ ಒಂದು ಕೂಡಿಸಿ, ನಾಲ್ಕರಿಂದ ಭಾಗಿಸಿ, ಆ ಘಾತಕ್ಕೆ ಸಂಖ್ಯೆಯನ್ನು ಏರಿಸಿದರೆ ಅದೇ ವರ್ಗಮೂಲ. ಇಲ್ಲಿ ಆ ಘಾತ 2²⁹. ಹಾಗಾಗಿ 29 ಸಲ ವರ್ಗ ಮಾಡಿದರೆ ವರ್ಗಮೂಲ ಸಿಗುತ್ತದೆ! ಬಂದ ಉತ್ತರವನ್ನು ಇನ್ನೊಮ್ಮೆ ವರ್ಗ ಮಾಡಿ ನೋಡಿ. ಮೂಲಸಂಖ್ಯೆ ಬರದಿದ್ದರೆ ಅದಕ್ಕೆ ವರ್ಗಮೂಲವೇ ಇಲ್ಲ ಅಂತ ಅರ್ಥ.

ಹಂತ 6: ಸುತ್ತಮುತ್ತಲ ಅವಿಭಾಜ್ಯಗಳು

ಇದು ಬೇಗ ಮುಗಿಯುತ್ತದೆ. ಅವಳಿ ಅವಿಭಾಜ್ಯ ಇದೆಯಾ? ಎರಡು ಕಳೆದರೆ 2147483645, ಕೊನೆಯಲ್ಲಿ 5. ಎರಡು ಕೂಡಿಸಿದರೆ 2³¹ + 1, ಇದು 3ರಿಂದ ಭಾಗವಾಗುತ್ತದೆ. ಇಲ್ಲ. ಎರಡರಷ್ಟು ಮಾಡಿ ಒಂದು ಕೂಡಿಸಿದರೆ ಅವಿಭಾಜ್ಯವಾ? ಅದು 2³² − 1 = 3 × 5 × 17 × 257 × 65537. ಅದೂ ಇಲ್ಲ.

ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಅಂತರ 18 ಮತ್ತು 12. ಈ ಎತ್ತರದಲ್ಲಿ ಸರಾಸರಿ ಅಂತರ ಸಂಖ್ಯೆಯ ಸಹಜ ಲಾಗರಿದಮ್‌ನಷ್ಟು, ಅಂದರೆ ಸುಮಾರು 21.5. ಸಂಖ್ಯೆಯನ್ನೇ ಅದರಿಂದ ಭಾಗಿಸಿದರೆ ಇದು ಎಷ್ಟನೇ ಅವಿಭಾಜ್ಯ ಎಂಬ ಅಂದಾಜು ಸಿಗುತ್ತದೆ: ಹತ್ತು ಕೋಟಿಗೆ ಸ್ವಲ್ಪ ಕಡಿಮೆ. ನಿಜವಾದ ಸ್ಥಾನ 105097565. ಇಷ್ಟು ಸರಳ ಭಾಗಾಕಾರಕ್ಕೆ ಐದು ಶೇಕಡಾ ತಪ್ಪು ಕಡಿಮೆಯೇ.

ಪರಿಪೂರ್ಣ ಸಂಖ್ಯೆ ಬೇಕಿದ್ದರೆ 2³⁰ರಿಂದ ಗುಣಿಸಿ: 2305843008139952128. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲಾ ಕೂಡಿಸಿದರೆ ಇದೇ ಸಂಖ್ಯೆ ಮರಳಿ ಬರುತ್ತದೆ. ಬಾರ್ಲೋ ಹೇಳಿದ್ದು ಇದನ್ನೇ.

ಇನ್ನು ಆಸೆಪಡಬಹುದಾದ ಒಂದು ವಿಷಯ. 31 ಸ್ವತಃ 2⁵ − 1. 5ರಿಂದ 31, 31ರಿಂದ 2147483647, ಎಲ್ಲವೂ ಅವಿಭಾಜ್ಯ. ಹಾಗಾದರೆ 2ನ್ನು 2147483647ನೇ ಘಾತಕ್ಕೆ ಏರಿಸಿ ಒಂದು ಕಳೆದರೆ? ಬರೆಯಲು ಹೋದರೆ 64 ಕೋಟಿಗೂ ಹೆಚ್ಚು ಅಂಕಿ. ಆದರೆ ಅದಕ್ಕೆ 295257526626031 ಎಂಬ ಭಾಜಕ ಸಿಕ್ಕಿದೆ. ಹಂತ 2ರ ನಿಯಮಕ್ಕೆ ಇಲ್ಲೂ ಹೊಂದುತ್ತದಾ ನೋಡಿ: ಒಂದು ಕಳೆದು 2147483647ರಿಂದ ಭಾಗಿಸಿದರೆ ಸರಿಯಾಗಿ 137490, ಸಮಸಂಖ್ಯೆ.

ಹಂತ 7: ಇದೇ ಲೆಕ್ಕವನ್ನು ಇನ್ನೂ ದೊಡ್ಡದಕ್ಕೆ ಹಚ್ಚಿ

2024ರ ಅಕ್ಟೋಬರ್‌ನಲ್ಲಿ ಸಿಕ್ಕ ಒಂದು ಮರ್ಸೆನ್ ಅವಿಭಾಜ್ಯದ ಘಾತಸೂಚಿ 136279841. ಮರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಗಿಂಪ್ಸ್ ಯೋಜನೆಯಲ್ಲಿ ಲ್ಯೂಕ್ ಡುರಾಂಟ್ ಅದನ್ನು ಕಂಡುಹಿಡಿದರು. ಸಂಖ್ಯೆಯನ್ನು ಬರೆಯದೆಯೇ ಅದರ ಬಗ್ಗೆ ಎಷ್ಟು ಹೇಳಬಹುದು?

ಅಂಕಿಗಳು: ಘಾತಸೂಚಿಯನ್ನು 2ರ ಲಾಗರಿದಮ್‌ನಿಂದ, ಅಂದರೆ 0.30102999566ರಿಂದ ಗುಣಿಸಿ. 41024319.945 ಬರುತ್ತದೆ. ಪೂರ್ಣಭಾಗಕ್ಕೆ ಒಂದು ಕೂಡಿಸಿ: 4,10,24,320 ಅಂಕಿಗಳು. ದಶಮಾಂಶ ಭಾಗವನ್ನೂ ಬಿಸಾಡಬೇಡಿ. 10ನ್ನು 0.9453ನೇ ಘಾತಕ್ಕೆ ಏರಿಸಿದರೆ 8.81 ಬರುತ್ತದೆ, ಹಾಗಾಗಿ ಸಂಖ್ಯೆ ಶುರುವಾಗುವುದು 881 ಅಂತ.

ಕೊನೆ: ಎರಡರ ಘಾತಗಳ ಕೊನೆಯ ಎರಡು ಅಂಕಿ 20 ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. 136279841ನ್ನು 20ರಿಂದ ಭಾಗಿಸಿದರೆ ಶೇಷ 1, ಆದ್ದರಿಂದ 2²¹ = 2097152ರ ಕೊನೆ ನೋಡಿದರೆ ಸಾಕು: 52. ಒಂದು ಕಳೆದು 51.

8ರಲ್ಲಿ ಶೇಷ 7, ನಾಲ್ಕು ವರ್ಗ ಬೇಕು, 2ಕ್ಕೆ ವರ್ಗಮೂಲ ಇದೆ, ಎರಡು ಕೂಡಿಸಿದರೆ 3ರಿಂದ ಭಾಗವಾಗುತ್ತದೆ: ಇವೆಲ್ಲಾ ಹೊಸ ಲೆಕ್ಕವಿಲ್ಲದೆ ಹಾಗೇ ಬರುತ್ತವೆ. 2ರ ಚಕ್ರದ ಉದ್ದ 136279841. ಲ್ಯೂಕಾಸ್–ಲೆಹ್ಮರ್‌ಗೆ 136279839 ಸುತ್ತು, ಪ್ರತಿ ಸುತ್ತಿನಲ್ಲೂ ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ವರ್ಗ. ಅದಕ್ಕೇ ಮೊದಲು ಇನ್ನೊಂದು ಪರೀಕ್ಷೆಯಲ್ಲಿ ಬಹುಶಃ ಅವಿಭಾಜ್ಯ ಅಂತ ಕಂಡುಕೊಂಡು, ಆಮೇಲೆ ಇದನ್ನು ಓಡಿಸಿ ಖಚಿತಪಡಿಸುತ್ತಾರೆ.

ಮುಖ್ಯವಾಗಿ ಕೈಗೆ ಸಿಗದಿರುವುದು ಹಂತ 4. ಒಂದು ಕಡಿಮೆ ಇರುವ ಸಂಖ್ಯೆಗೆ 2, 3, 5, 11, 17, 31 ಭಾಜಕಗಳು ಅಂತ ಘಾತಸೂಚಿ 136279840 ನೋಡಿಯೇ ಹೇಳಬಹುದು. 5 ಯಾಕೆ ಅಂದರೆ ಆ ಘಾತಸೂಚಿ 4ರಿಂದ ಭಾಗವಾಗುತ್ತದೆ, 2⁴ − 1 = 15ನ್ನು 5 ಭಾಗಿಸುತ್ತದೆ; 11 ಯಾಕೆ ಅಂದರೆ ಅದು 10ರಿಂದಲೂ ಭಾಗವಾಗುತ್ತದೆ, 2¹⁰ − 1 = 1023ನ್ನು 11 ಭಾಗಿಸುತ್ತದೆ. ಆದರೆ ಪೂರ್ತಿ ಒಡೆಯುವುದು ಇವತ್ತಿನ ಯಂತ್ರಗಳಿಂದ ಆಗುವ ಕೆಲಸವಲ್ಲ. ಪೂರ್ತಿ ಒಡೆಯಲು ಆಗದಿರುವುದರಿಂದ, ಒಂದು ಸಂಖ್ಯೆಯನ್ನು ತೋರಿಸಿ ಇದೇ ಮೂಲಜನಕ ಅಂತ ಏಳೆಂಟು ಪರೀಕ್ಷೆಯಲ್ಲಿ ಸಾಧಿಸುವ ಹಂತ 4ರ ದಾರಿ ಇಲ್ಲಿ ನಡೆಯುವುದಿಲ್ಲ.